ಲೋನ್ ಸ್ಯಾಂಕ್ಷನ್ ಆಗಿದೆ, ಚೆಕ್ ಯಾಕೆ ಬರುತ್ತಿಲ್ಲ? ಮುಂಬಯಿಯಲ್ಲಿ ಮನೆ ಕೊಳ್ಳುವವರಿಗೆ ವಿಮೆಯ ಲೆಕ್ಕ

ಮುಂಬಯಿಯಲ್ಲಿ ರೀಸೇಲ್ ಫ್ಲ್ಯಾಟ್ ಕೊಳ್ಳುವವರಿಗೆ ಒಂದು ಹಂತದಲ್ಲಿ ಎಲ್ಲ ಮುಗಿಯಿತು ಅಂತ ಅನ್ನಿಸುತ್ತದೆ. ಟೋಕನ್ ಕೊಟ್ಟಾಗಿದೆ. ಬ್ಯಾಂಕಿನ ಸ್ಯಾಂಕ್ಷನ್ ಲೆಟರ್ ಕೈಯಲ್ಲಿದೆ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತಿ, ಫೋಟೋ ಕೊಟ್ಟು, ಅಗ್ರಿಮೆಂಟ್ ರಿಜಿಸ್ಟರ್ ಮಾಡಿಸಿದ್ದೂ ಆಯಿತು. ಮಾರಿದವರು ದಿನಾ ಫೋನ್ ಮಾಡಿ ‘ಪೇಮೆಂಟ್ ಕಬ್ ಆಯೇಗಾ’ ಅಂತ ಕೇಳುತ್ತಿದ್ದಾರೆ. ಅಷ್ಟರಲ್ಲಿ ಬ್ಯಾಂಕಿನಿಂದ ಒಂದು ಸಾಲಿನ ಮೆಸೇಜ್ ಬರುತ್ತದೆ: ಇನ್ಶೂರೆನ್ಸ್ ಪೆಂಡಿಂಗ್.

ಯಾವ ಇನ್ಶೂರೆನ್ಸ್? ಇದನ್ನು ಆ ಮೆಸೇಜ್ ಹೇಳುವುದಿಲ್ಲ. ತೊಂದರೆ ಶುರುವಾಗುವುದೇ ಇಲ್ಲಿ. ಗೃಹಸಾಲದ ಟೇಬಲ್ ಮೇಲೆ ಒಟ್ಟು ಮೂರು ಬೇರೆ ಬೇರೆ ವಿಮೆಗಳ ಮಾತು ಬರುತ್ತದೆ. ಮೂರನ್ನೂ ಎಲ್ಲರೂ ಸುಮ್ನೆ ‘ಇನ್ಶೂರೆನ್ಸ್’ ಅಂತಲೇ ಕರೆಯುತ್ತಾರೆ. ಒಂದು, ಕಟ್ಟಡಕ್ಕೆ ಬೆಂಕಿ, ಭೂಕಂಪ, ನೆರೆ ಬಂದರೆ ಹಣ ಕೊಡುವ ಮನೆ ವಿಮೆ. ಎರಡು, ಸಾಲ ತೆಗೆದುಕೊಂಡವರು ತೀರಿಕೊಂಡರೆ ಬಾಕಿ ಸಾಲ ಕಟ್ಟುವ ಜೀವ ವಿಮೆ. ಇದನ್ನು ಬ್ಯಾಂಕಿನವರು ಲೋನ್ ಪ್ರೊಟೆಕ್ಷನ್ ಅನ್ನುತ್ತಾರೆ. ಮೂರು, ನಿಮ್ಮ ಹೌಸಿಂಗ್ ಸೊಸೈಟಿ ಇಡೀ ಬಿಲ್ಡಿಂಗಿಗೆ ಮಾಡಿಸಿದ ವಿಮೆ. ಬ್ಯಾಂಕ್ ಕೇಳುತ್ತಿರುವುದು ಯಾವುದು ಅಂತ ಬರಹದಲ್ಲಿ ಕೇಳಿ ತಿಳಿದುಕೊಂಡರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ವಾಟ್ಸಾಪ್ ಸಾಲದು, ಇಮೇಲ್ ಮಾಡಿ.

ಕಾನೂನು ಏನು ಹೇಳುತ್ತದೆ ಅನ್ನುವುದನ್ನು ಮೊದಲೇ ಮುಗಿಸಿಬಿಡೋಣ. ಮನೆಗೆ ವಿಮೆ ಮಾಡಿಸಲೇಬೇಕು ಅನ್ನುವ ಕಾನೂನು ನಮ್ಮಲ್ಲಿಲ್ಲ. ಸಾಲಗಾರ ಜೀವ ವಿಮೆ ಮಾಡಿಸಲೇಬೇಕು ಅನ್ನುವ ಕಾನೂನೂ ಇಲ್ಲ. ಆದರೆ ಸಾಲದ ಕರಾರುಪತ್ರದಲ್ಲಿ ‘ಅಡವಿಟ್ಟ ಆಸ್ತಿಗೆ ವಿಮೆ ಇರಬೇಕು’ ಅಂತ ಬ್ಯಾಂಕ್ ಷರತ್ತು ಹಾಕಬಹುದು, ಹೆಚ್ಚಿನವು ಹಾಕುತ್ತವೆ. ಅದು ತಪ್ಪೂ ಅಲ್ಲ. ಒಂದು ಕೋಟಿ ಕೊಟ್ಟವರು ಆ ಮನೆ ಸುಟ್ಟುಹೋದರೆ ಏನು ಗತಿ ಅಂತ ಯೋಚಿಸುವುದು ಸಹಜ. ಆದರೆ ಆ ವಿಮೆ ಇಂಥ ಕಂಪನಿಯದ್ದೇ ಆಗಬೇಕು, ನಮ್ಮ ಬ್ರಾಂಚಿನಿಂದಲೇ ತೆಗೆದುಕೊಳ್ಳಬೇಕು ಅಂತ ಒತ್ತಾಯ ಮಾಡುವಂತಿಲ್ಲ. ಬ್ಯಾಂಕ್ ಇಲ್ಲಿ ಏಜೆಂಟ್ ಕೂಡ ಹೌದು ಅನ್ನುವುದು ನೆನಪಿರಲಿ. 2022ರಿಂದ ಒಂದು ಬ್ಯಾಂಕ್ ಒಂಬತ್ತು ಜೀವ ವಿಮಾ ಕಂಪನಿ, ಒಂಬತ್ತು ಸಾಮಾನ್ಯ ವಿಮಾ ಕಂಪನಿ, ಒಂಬತ್ತು ಆರೋಗ್ಯ ವಿಮಾ ಕಂಪನಿಗಳ ಪಾಲಿಸಿ ಮಾರಬಹುದು. ಮಾರಿದ್ದಕ್ಕೆ ಕಮಿಷನ್ ಇದೆ. ಬ್ರಾಂಚಿಗೆ ಟಾರ್ಗೆಟ್ ಇದೆ. ‘ಸರ್, ಇದು ಕಂಪಲ್ಸರಿ’ ಅನ್ನುವ ಮಾತು ಎಲ್ಲಿಂದ ಹುಟ್ಟುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ?

ಅಮೆರಿಕದಲ್ಲಿರುವ ಅಣ್ಣನೋ ಭಾವನೋ ಹೇಳಿದ್ದನ್ನು ಇಲ್ಲಿಗೆ ತಂದು ಹೊಂದಿಸಬೇಡಿ. ಅಲ್ಲಿ ಮನೆ ವಿಮೆಯ ಪುರಾವೆ ಇಲ್ಲದೆ ಸಾಲ ಕೊಡುವವರು ಸಾಮಾನ್ಯವಾಗಿ ಮುಂದೆ ಹೋಗುವುದೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಕೆಲವು ದೊಡ್ಡ ಕಂಪನಿಗಳೇ ಹೊಸ ಪಾಲಿಸಿ ಕೊಡುವುದನ್ನು ನಿಲ್ಲಿಸಿದ್ದುಂಟು. ಅಲ್ಲಿ ವಿಮೆ ಸಿಗುವುದೇ ಕಷ್ಟ. ಇಲ್ಲಿ ಪಾಲಿಸಿ ಸುಲಭವಾಗಿ ಸಿಗುತ್ತದೆ, ಬೆಲೆಯೂ ಕಮ್ಮಿ. ಅದಕ್ಕೆ ಬೇಕಾದ ಕಾಗದ ಮಾತ್ರ ಒಂದಕ್ಕೊಂದು ಹೊಂದುವುದಿಲ್ಲ.

ಎಷ್ಟು ಮೊತ್ತಕ್ಕೆ ವಿಮೆ?

ಅತಿ ಹೆಚ್ಚು ಜಗ್ಗಾಟ ನಡೆಯುವುದು ಈ ಪ್ರಶ್ನೆಯ ಮೇಲೆ. ಒಂದು ಲೆಕ್ಕ ನೋಡೋಣ. ಮುಲುಂಡಿನಲ್ಲಿ 550 ಚದರಡಿ ಕಾರ್ಪೆಟ್‌ನ (ಅಂದರೆ ಗೋಡೆಗಳ ಒಳಗಿನ ಅಳತೆಯ) ಫ್ಲ್ಯಾಟ್, ಅಗ್ರಿಮೆಂಟ್ ಬೆಲೆ ₹1.40 ಕೋಟಿ ಅಂತ ಇಟ್ಟುಕೊಳ್ಳಿ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ₹75 ಲಕ್ಷ ಮೀರಿದ ಗೃಹಸಾಲಕ್ಕೆ ಆಸ್ತಿ ಬೆಲೆಯ 75%ಕ್ಕಿಂತ ಜಾಸ್ತಿ ಕೊಡುವಂತಿಲ್ಲ. ಹಾಗಾಗಿ ಸಾಲ ಹೆಚ್ಚೆಂದರೆ ₹1.05 ಕೋಟಿ. ಒಂದು ಕೋಟಿ ಸ್ಯಾಂಕ್ಷನ್ ಆಯಿತು ಅನ್ನಿ. ಉಳಿದ 40 ಲಕ್ಷ, ಅದರ ಮೇಲೆ 6% ಸ್ಟ್ಯಾಂಪ್ ಡ್ಯೂಟಿ ₹8.40 ಲಕ್ಷ, ರಿಜಿಸ್ಟ್ರೇಶನ್ ₹30,000, ಎಲ್ಲ ನಿಮ್ಮ ಕೈಯಿಂದ ಹೋಗಬೇಕು.

ಈಗ ಬ್ಯಾಂಕಿನ ಫಾರ್ಮಿನಲ್ಲಿ ‘ಸಾಲದ ಮೊತ್ತಕ್ಕೆ ವಿಮೆ’ ಅಂತ ಇರುತ್ತದೆ. ಅಂದರೆ ಒಂದು ಕೋಟಿ. ವಿಮಾ ಕಂಪನಿ ಆ ಲೆಕ್ಕ ಹಿಡಿಯುವುದಿಲ್ಲ. ಅದಕ್ಕೆ ಬೇಕಾದದ್ದು ಆ ಫ್ಲ್ಯಾಟನ್ನು ಮತ್ತೆ ಕಟ್ಟಲು ಎಷ್ಟಾಗುತ್ತದೆ ಅನ್ನುವುದು. ಚದರಡಿಗೆ ₹3,500 ಕಟ್ಟುವ ಖರ್ಚು ಅಂತ ಹಿಡಿದರೆ 550 ಚದರಡಿಗೆ ₹19.25 ಲಕ್ಷ. ಅಷ್ಟೇ. ಉಳಿದ ಒಂದು ಕೋಟಿ ಚಿಲ್ಲರೆ ಮುಲುಂಡಿನ ನೆಲದ ಬೆಲೆ, ಸ್ಟೇಷನ್ ಹತ್ತಿರ ಇರುವ ಬೆಲೆ. ನೆಲ ಸುಡುವುದಿಲ್ಲ, ನೆರೆಯಲ್ಲಿ ತೇಲಿ ಹೋಗುವುದೂ ಇಲ್ಲ. ಅದಕ್ಕೆ ವಿಮೆ ಇಲ್ಲ.

ನೀವು 20 ಲಕ್ಷದ ಪಾಲಿಸಿ ತಂದುಕೊಟ್ಟರೆ ಬ್ಯಾಂಕಿನ ಆಪರೇಶನ್ಸ್ ವಿಭಾಗ ‘ಮೊತ್ತ ಕಮ್ಮಿ’ ಅಂತ ವಾಪಸ್ ಕಳಿಸುತ್ತದೆ. ಒಂದು ಕೋಟಿಗೆ ಪಾಲಿಸಿ ಬೇಕು ಅಂತ ಕೇಳಿದರೆ ವಿಮಾ ಕಂಪನಿಯಲ್ಲಿ ರಿಸ್ಕ್ ಅಳೆದು ಪಾಲಿಸಿ ಒಪ್ಪುವ ಅಂಡರ್‌ರೈಟರ್ ‘550 ಚದರಡಿಗೆ ಒಂದು ಕೋಟಿ ಹೇಗೆ’ ಅಂತ ಕೇಳುತ್ತಾನೆ. ನಡುವೆ ನೀವು. ಒಂದು ವಾರ ಇದರಲ್ಲೇ ಹೋಗುತ್ತದೆ. ಇದಕ್ಕೆ ಎರಡು ದಾರಿ ಇವೆ. ಒಂದು, ಬ್ಯಾಂಕಿನ ವ್ಯಾಲ್ಯುಯೇಶನ್ ರಿಪೋರ್ಟಿನಲ್ಲಿ ಕಟ್ಟಡದ ಬೆಲೆ ಬೇರೆ ತೋರಿಸಿದ್ದರೆ, ಆ ಅಂಕಿಯನ್ನೇ ವಿಮೆಗೆ ಒಪ್ಪಿಕೊಳ್ಳಿ ಅಂತ ಬರೆದು ಕೇಳುವುದು. ಕೇಳಿದರೆ ಒಪ್ಪುವ ಬ್ಯಾಂಕುಗಳಿವೆ. ಇನ್ನೊಂದು, ಕೆಲವು ಕಂಪನಿಗಳು ಫ್ಲ್ಯಾಟುಗಳಿಗೆ ಮೊದಲೇ ಒಪ್ಪಿಕೊಂಡ ಬೆಲೆಯ ಮೇಲೆ ಪಾಲಿಸಿ ಕೊಡುತ್ತವೆ. ಪ್ರೀಮಿಯಂ ಜಾಸ್ತಿ. ಬ್ಯಾಂಕ್ ಹಟ ಹಿಡಿದರೆ ಮಾತ್ರ ಆ ಕಡೆ ಹೋಗಿ.

ಮೊದಲ ದಾರಿಗೆ ಸರಿಹೊಂದುವ ಪಾಲಿಸಿ ಈಗ ಎಲ್ಲ ಕಡೆ ಸಿಗುತ್ತದೆ. ಹೆಸರು ಭಾರತ್ ಗೃಹ ರಕ್ಷಾ. ಬೆಂಕಿ ವಿಮೆಯ ವ್ಯವಹಾರ ಮಾಡುವ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ 2021ರ ಏಪ್ರಿಲ್ 1ರಿಂದ ಇದನ್ನು ಕೊಡಲೇಬೇಕು ಅಂತ ವಿಮಾ ನಿಯಂತ್ರಕ ಐಆರ್‌ಡಿಎಐ ಆದೇಶ ಮಾಡಿತು. ಎಲ್ಲ ಕಂಪನಿಯಲ್ಲೂ ಮೂಲ ಷರತ್ತುಗಳು ಒಂದೇ. ಬೆಂಕಿ, ಭೂಕಂಪ, ಚಂಡಮಾರುತ, ನೆರೆ, ಭೂಕುಸಿತ, ಗಲಭೆ, ಭಯೋತ್ಪಾದನೆ, ನೀರಿನ ಟ್ಯಾಂಕ್ ಅಥವಾ ಪೈಪ್ ಒಡೆಯುವುದು, ಎಲ್ಲ ಇದರಲ್ಲಿ ಸೇರಿದೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಮನೆಯ ಸಾಮಾನಿಗೂ ಅದರ 20% ತಾನಾಗಿ ಸಿಗುತ್ತದೆ, ಮಿತಿ ₹10 ಲಕ್ಷ. ನಮ್ಮ ಲೆಕ್ಕದಲ್ಲಿ ₹3.85 ಲಕ್ಷ. ವಿಮೆಯ ಮೊತ್ತ ಸ್ವಲ್ಪ ಕಮ್ಮಿ ಬರೆದಿದ್ದೀರಿ ಅಂತ ಕ್ಲೇಮ್ ಕತ್ತರಿಸುವ ಹಳೇ ಪದ್ಧತಿ ಇದರಲ್ಲಿಲ್ಲ. ಹತ್ತು ವರ್ಷದವರೆಗೆ ಒಟ್ಟಿಗೆ ತೆಗೆದುಕೊಳ್ಳಬಹುದು, ಆಗ ಕಟ್ಟಡದ ಮೊತ್ತ ಪ್ರತಿ ವರ್ಷ 10% ಏರುತ್ತದೆ. ಮುಂಬಯಿಯವರಿಗೆ ಒಂದು ಮಾತು ಹೇಳಲೇಬೇಕು: ಮಳೆಗಾಲದಲ್ಲಿ ಟೆರೇಸಿನಿಂದ ನಿಧಾನಕ್ಕೆ ಇಳಿದು ಗೋಡೆಗೆ ಬೂಷ್ಟು ಹಿಡಿಸುವ ನೀರಿಗೆ ಇದು ಹಣ ಕೊಡುವುದಿಲ್ಲ. ಅದು ಸೊಸೈಟಿಯ ಜೊತೆ ನಿಮ್ಮ ಜಗಳ.

ಲೋನ್ ಪ್ರೊಟೆಕ್ಷನ್ ಅನ್ನುವ ಇನ್ನೊಂದು ಕತೆ

ಹಣ ಹೋಗುವುದು ಇಲ್ಲಿ. ಮನೆ ವಿಮೆಯ ಪ್ರೀಮಿಯಂ ಇದರ ಮುಂದೆ ಚಿಲ್ಲರೆ.

ಒಂದು ಕೋಟಿ ಸಾಲಕ್ಕೆ ಒಂದೇ ಕಂತಿನ ಪ್ರೀಮಿಯಂ ₹3 ಲಕ್ಷ ಅಂತ ಬ್ಯಾಂಕಿನವರು ಹೇಳಿದರು ಅನ್ನಿ. ‘ಕೈಯಿಂದ ಕೊಡಬೇಕಾಗಿಲ್ಲ ಸರ್, ಸಾಲಕ್ಕೇ ಸೇರಿಸುತ್ತೇವೆ’ ಅನ್ನುತ್ತಾರೆ. ಕೇಳಲು ಹಿತವಾಗಿದೆ. 8.5% ಬಡ್ಡಿಗೆ, 20 ವರ್ಷಕ್ಕೆ, ಆ ಮೂರು ಲಕ್ಷದ ಇಎಂಐ ತಿಂಗಳಿಗೆ ಸುಮಾರು ₹2,600. ಕೊನೆಗೆ ನೀವು ಕಟ್ಟಿದ್ದು ಸುಮಾರು ₹6.25 ಲಕ್ಷ. ಅದರ ಮೇಲೆ, ಇಂಥ ಪಾಲಿಸಿಗಳಲ್ಲಿ ಹೆಚ್ಚಿನವುಗಳ ರಕ್ಷಣೆಯ ಮೊತ್ತ ಸಾಲ ಕರಗಿದಂತೆ ತಾನೂ ಕರಗುತ್ತದೆ. ಹದಿನೈದನೇ ವರ್ಷದಲ್ಲಿ ಏನಾದರೂ ಆದರೆ ಸಿಗುವುದು ಆಗ ಬಾಕಿ ಇರಬೇಕಾದ ಸಾಲದಷ್ಟು ಮಾತ್ರ. ಬೇರೆಯಾಗಿ ಒಂದು ಟರ್ಮ್ ಪಾಲಿಸಿ, ಅಂದರೆ ಇಷ್ಟು ವರ್ಷದೊಳಗೆ ತೀರಿಕೊಂಡರೆ ಮಾತ್ರ ಹಣ ಕೊಡುವ ಜೀವ ವಿಮೆ, ಇದ್ದರೆ ಪೂರ್ತಿ ಮೊತ್ತ ಮನೆಯವರಿಗೆ ಬರುತ್ತದೆ, ಸಾಲ ಕಳೆದು ಮಿಕ್ಕದ್ದೂ ಅವರದ್ದೇ. ನನ್ನ ಅಭಿಪ್ರಾಯ ಕೇಳಿದರೆ, ಸಣ್ಣ ವಯಸ್ಸಿನ, ಆರೋಗ್ಯವಾಗಿರುವವರಿಗೆ ಟರ್ಮ್ ಪಾಲಿಸಿಯೇ ಸರಿ. ಐವತ್ತು ದಾಟಿ, ಶುಗರ್ ಇದ್ದು, ಹೊರಗೆ ಟರ್ಮ್ ಪಾಲಿಸಿ ಸಿಗದವರಿಗೆ ಬ್ಯಾಂಕಿನ ಗುಂಪು ಪಾಲಿಸಿ ಉಪಯೋಗಕ್ಕೆ ಬರಬಹುದು.

ತಡ ಆಗುವುದು ಹೇಗೆ? ಸಾಲದ ಮೊತ್ತ ದೊಡ್ಡದಾದರೆ, ವಯಸ್ಸು ಜಾಸ್ತಿಯಾದರೆ, ವಿಮಾ ಕಂಪನಿ ಮೆಡಿಕಲ್ ಟೆಸ್ಟ್ ಕೇಳುತ್ತದೆ. ರಕ್ತ ಕೊಡಬೇಕು, ಇಸಿಜಿ ಆಗಬೇಕು, ರಿಪೋರ್ಟ್ ಬರಬೇಕು, ಅದರಲ್ಲಿ ಶುಗರ್ ಕಂಡರೆ ಇನ್ನೊಂದು ಟೆಸ್ಟ್. ಇಷ್ಟು ಹೊತ್ತೂ ಸಾಲದ ಫೈಲು ಕಾಯುತ್ತದೆ. ಜೀವ ವಿಮೆ ಕಡ್ಡಾಯ ಅಲ್ಲ ಅನ್ನುವುದು ನಿಮಗೆ ಗೊತ್ತಿದ್ದರೆ ಈ ಫೈಲು ಕಾಯಬೇಕಾಗಿಯೇ ಇಲ್ಲ. ‘ಲೋನ್ ಪ್ರೊಟೆಕ್ಷನ್ ಬೇಡ, ಅದನ್ನು ಬಿಟ್ಟು ಮುಂದುವರಿಸಿ’ ಅಂತ ಒಂದು ಇಮೇಲ್ ಸಾಕು. ಕೆಲವೊಮ್ಮೆ ‘ವಿಮೆ ಬೇಡ ಅಂದರೆ ಬಡ್ಡಿ ಸ್ವಲ್ಪ ಏರುತ್ತದೆ’ ಅನ್ನುವ ಉತ್ತರ ಬರುತ್ತದೆ. ಎಷ್ಟು ಏರುತ್ತದೆ ಅಂತ ಬರೆಸಿಕೊಳ್ಳಿ, ಲೆಕ್ಕ ಹಾಕಿ, ಆಮೇಲೆ ತೀರ್ಮಾನ ಮಾಡಿ.

ಇಲ್ಲಿ ರಿಸರ್ವ್ ಬ್ಯಾಂಕಿನ ಒಂದು ನಿಯಮ ನಿಮ್ಮ ಪರವಾಗಿದೆ. 2024ರ ಅಕ್ಟೋಬರ್ 1ರಿಂದ ಹೊಸ ಗೃಹಸಾಲಕ್ಕೆ ಬ್ಯಾಂಕ್ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಅನ್ನುವ ಪಟ್ಟಿ ಕೊಡಲೇಬೇಕು. ಬೇರೆಯವರ ಪರವಾಗಿ ವಸೂಲು ಮಾಡುವ ವಿಮಾ ಹಣ, ಲಾಯರ್ ಫೀಸು ಎಲ್ಲ ಅದರಲ್ಲಿ ಬೇರೆ ಬೇರೆಯಾಗಿ ಕಾಣಬೇಕು, ವಾರ್ಷಿಕ ಒಟ್ಟು ದರದಲ್ಲೂ ಸೇರಿರಬೇಕು. ಓದಿ ಒಪ್ಪಲು ಕನಿಷ್ಠ 3 ಕೆಲಸದ ದಿನ ಕೊಡಬೇಕು. ಆ ಪಟ್ಟಿಯಲ್ಲಿ ವಿಮೆಯ ಸಾಲನ್ನು ಬೆರಳಿಟ್ಟು ನೋಡಿ. ನೀವು ಕೇಳದ ಪಾಲಿಸಿ ಅಲ್ಲಿದ್ದರೆ ಸಹಿ ಮಾಡುವ ಮುಂಚೆಯೇ ತೆಗೆಸಿ. ಸಹಿ ಆಗಿಹೋಗಿದ್ದರೂ ಜೀವ ವಿಮೆಯ ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡ ಅಂತ ವಾಪಸ್ ಮಾಡಬಹುದು.

ಈಗಾಗಲೇ ಟರ್ಮ್ ಪಾಲಿಸಿ ಇರುವವರು ಅದನ್ನೇ ಬ್ಯಾಂಕಿನ ಹೆಸರಿಗೆ ಅಸೈನ್ ಮಾಡಿಕೊಡಬಹುದು, ಅಂದರೆ ಅದರ ಹಕ್ಕನ್ನು ಬ್ಯಾಂಕಿಗೆ ಬರೆದುಕೊಡಬಹುದು. ಇಲ್ಲಿ ಒಂದು ಗುಂಡಿ ಇದೆ. ಹೆಂಡತಿ ಮಕ್ಕಳ ಹೆಸರಿನಲ್ಲಿ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಮಾಡಿಸಿದ ಪಾಲಿಸಿಯನ್ನು ಹೀಗೆ ಸಾಲಕ್ಕೆ ಬರೆದುಕೊಡಲು ಆಗುವುದಿಲ್ಲ. ಸಾಲ ಕೊಟ್ಟವರ ಕೈಗೆ ಸಿಗಬಾರದು ಅಂತಲೇ ಆ ಕಾಯ್ದೆ ಇರುವುದು. ಬ್ಯಾಂಕಿಗೆ ಕೊಡುತ್ತೇನೆ ಅಂತ ಮಾತು ಕೊಡುವ ಮುಂಚೆ ಪಾಲಿಸಿಯ ಮೊದಲ ಪುಟ ನೋಡಿಕೊಳ್ಳಿ.

ಹೆಸರು, ಕಟ್ಟಡ, ದಿನಾಂಕ

ನಮ್ಮವರಿಗೇ ವಿಶೇಷವಾಗಿ ಕಾಡುವ ತೊಂದರೆ ಹೆಸರಿನದ್ದು. ಹಳೇ ಮೈಸೂರು ಕಡೆಯ ಎಷ್ಟೋ ಜನಕ್ಕೆ ಅಡ್ಡಹೆಸರೇ ಇಲ್ಲ. ಊರಿನ ಹೆಸರಿಗೆ ಒಂದು ಅಕ್ಷರ, ಅಪ್ಪನ ಹೆಸರಿಗೆ ಒಂದು ಅಕ್ಷರ, ಆಮೇಲೆ ಸ್ವಂತ ಹೆಸರು. ಆಧಾರ್‌ನಲ್ಲಿ ಇನಿಶಿಯಲ್ ಹಾಗೇ ಇರುತ್ತದೆ. ಪ್ಯಾನ್‌ಗೆ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ಅಲ್ಲಿ ಊರೇ ಅಡ್ಡಹೆಸರಾಗಿ ಕೂತಿರುತ್ತದೆ. ಮುಂಬಯಿ ವಕೀಲರು ಅಗ್ರಿಮೆಂಟ್ ಟೈಪ್ ಮಾಡುವಾಗ ಮರಾಠಿ ಪದ್ಧತಿಯಂತೆ ಸ್ವಂತ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಅಂತ ಜೋಡಿಸುತ್ತಾರೆ. ಹೆಂಗಸರಿಗೆ ನಡುವೆ ಗಂಡನ ಹೆಸರು ಬರುತ್ತದೆ. ಉಡುಪಿ, ಕುಂದಾಪುರ ಕಡೆಯವರಿಗೆ ಅಡ್ಡಹೆಸರು ಇದ್ದರೂ ಮದುವೆಗೆ ಮುಂಚಿನದು ಒಂದು, ಆಮೇಲಿನದು ಒಂದು. ಪಾಲಿಸಿ ಆಧಾರ್ ನೋಡಿ ಪ್ರಿಂಟ್ ಆಗುತ್ತದೆ, ಸಾಲ ಪ್ಯಾನ್ ನೋಡಿ ಆಗಿರುತ್ತದೆ. ಬ್ಯಾಂಕ್ ಎರಡನ್ನೂ ಪಕ್ಕದಲ್ಲಿಟ್ಟು ‘ಇವರು ಒಬ್ಬರೇನಾ’ ಅಂತ ಕೇಳುತ್ತದೆ. ಅದನ್ನು ತಿದ್ದಿಸಲು ವಿಮಾ ಕಂಪನಿಯಿಂದ ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಯ ತಿದ್ದುಪಡಿ ಪತ್ರ, ತರಬೇಕು. ಪ್ರಪೋಸಲ್ ಫಾರ್ಮಿನಲ್ಲಿ ಅಗ್ರಿಮೆಂಟಿನಲ್ಲಿರುವ ಹೆಸರನ್ನೇ ಅಕ್ಷರ ಬಿಡದೆ ಬರೆಯಿರಿ. ಬೇರೆ ರೂಪಗಳೆಲ್ಲ ಒಬ್ಬರದ್ದೇ ಅಂತ ನೋಟರಿ ಮುಂದೆ ಒಂದು ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ.

ಪಾಲಿಸಿಯಲ್ಲಿ ಬ್ಯಾಂಕಿನ ಹೆಸರೂ ಇರಬೇಕು. ಕ್ಲೇಮ್ ಹಣ ಮೊದಲು ಬ್ಯಾಂಕಿಗೆ ಹೋಗಲಿ ಅನ್ನುವ ‘ಅಗ್ರೀಡ್ ಬ್ಯಾಂಕ್ ಕ್ಲಾಸ್’ ಅಂತ ಒಂದು ಷರತ್ತು ಇದೆ. ಆನ್‌ಲೈನಿನಲ್ಲಿ ಅರ್ಜೆಂಟಾಗಿ ಪಾಲಿಸಿ ತೆಗೆದುಕೊಂಡವರು ಮರೆಯುವುದು ಇದನ್ನೇ. ಸಾಲ ಇದೆಯಾ ಅನ್ನುವ ಪ್ರಶ್ನೆಗೆ ‘ಇಲ್ಲ’ ಒತ್ತಿ ಮುಂದೆ ಹೋಗಿಬಿಡುತ್ತಾರೆ. ಆಗ ಸಾಲ ಬಂದಿರುವುದಿಲ್ಲ ನೋಡಿ, ಉತ್ತರ ಸರಿಯೇ ಅನ್ನಿಸುತ್ತದೆ.

ಇನ್ನು ಕಟ್ಟಡ. ಪ್ರಪೋಸಲ್ ಫಾರ್ಮಿನಲ್ಲಿ ಕಟ್ಟಿದ ವರ್ಷ, ಆರ್‌ಸಿಸಿಯೋ ಗೋಡೆಯ ಮೇಲೆ ಭಾರ ನಿಂತ ಹಳೇ ಕಟ್ಟಡವೋ, ಎಷ್ಟನೇ ಮಹಡಿ, ಹಿಂದೆ ನೆರೆ ನುಗ್ಗಿತ್ತಾ, ಇಂಥ ಪ್ರಶ್ನೆಗಳಿರುತ್ತವೆ. ನೆರೆಯ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಕುರ್ಲಾ, ಕಲೀನಾ ಕಡೆ ನೆಲ ಅಂತಸ್ತಿನ ಮನೆಗಳು ಮುಳುಗಿದವು. ಪುಣೆಯಲ್ಲೂ 2024ರ ಜುಲೈನಲ್ಲಿ ಸಿಂಹಗಡ್ ರಸ್ತೆಯ ಏಕತಾ ನಗರಿಯ ಸೊಸೈಟಿಗಳಿಗೆ ಮುಠಾ ನದಿ ನುಗ್ಗಿತು. ಪುಣೆಯಲ್ಲಿ ನದಿ ಪಕ್ಕ ಕೊಳ್ಳುವವರು ನೀಲಿ ಗೆರೆ, ಕೆಂಪು ಗೆರೆ ಕೇಳಿ ತಿಳಿದುಕೊಳ್ಳಬೇಕು. ನೀಲಿ ಅಂದರೆ 25 ವರ್ಷಕ್ಕೊಮ್ಮೆ ಬರುವ ನೆರೆಯ ಮಟ್ಟ, ಕೆಂಪು ಅಂದರೆ 100 ವರ್ಷಕ್ಕೊಮ್ಮೆ ಬರುವುದು. ಗೊತ್ತಿದ್ದೂ ‘ನೆರೆ ಬಂದಿಲ್ಲ’ ಅಂತ ಬರೆದರೆ ಪಾಲಿಸಿ ಇವತ್ತೇ ಸಿಗಬಹುದು, ಕ್ಲೇಮ್ ಹೊತ್ತಿಗೆ ಅದೇ ಸಾಲು ಮುಂದೆ ಬಂದು ನಿಲ್ಲುತ್ತದೆ.

ಹಳೇ ಕಟ್ಟಡವಾದರೆ ಬ್ಯಾಂಕ್ ಮತ್ತು ವಿಮಾ ಕಂಪನಿ ಎರಡೂ ಸ್ಟ್ರಕ್ಚರಲ್ ಆಡಿಟ್ ಕೇಳಬಹುದು. ಮಹಾರಾಷ್ಟ್ರದ ಸೊಸೈಟಿ ಬೈಲಾ ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, 30 ದಾಟಿದರೆ ಮೂರು ವರ್ಷಕ್ಕೊಮ್ಮೆ ಆಡಿಟ್ ಆಗಬೇಕು. ಆಗಿರುತ್ತದಾ? ಸೆಕ್ರೆಟರಿಯನ್ನು ಕೇಳಿ ನೋಡಿ. ‘ಮುಂದಿನ ಜನರಲ್ ಬಾಡಿಯಲ್ಲಿ ಇಡೋಣ’ ಅನ್ನುವ ಉತ್ತರ ಬಂದರೆ ನಿಮ್ಮ ಚೆಕ್ ಕೂಡ ಅಲ್ಲಿಯವರೆಗೆ ಅಂತ ತಿಳಿಯಿರಿ. ಮುಂಬಯಿ ಪಾಲಿಕೆ ಸಿ-1 ಅಂತ ಗುರುತು ಮಾಡಿದ, ಅಂದರೆ ಖಾಲಿ ಮಾಡಿ ಕೆಡವಬೇಕಾದ ಕಟ್ಟಡವಾದರೆ ಸಾಲದ ಆಸೆಯನ್ನೇ ಬಿಡಿ. ಓಸಿ, ಅಂದರೆ ವಾಸ ಮಾಡಬಹುದು ಅನ್ನುವ ಪಾಲಿಕೆಯ ಪತ್ರ, ಇಲ್ಲದ ಕಟ್ಟಡದ ಕತೆಯೂ ಹೆಚ್ಚೂಕಡಿಮೆ ಹಾಗೇ. ಇಂಥ ಕಡೆ ಹೆಸರಿಗೆ ತಡೆ ವಿಮೆಯದ್ದು, ನಿಜವಾದ ತಡೆ ಕಟ್ಟಡದ ಕಾಗದದ್ದು. ಎಷ್ಟು ಪಾಲಿಸಿ ತಂದರೂ ಅದು ಸರಿಹೋಗುವುದಿಲ್ಲ.

ಸೊಸೈಟಿ ಬೈಲಾ ಇನ್ನೊಂದನ್ನೂ ಹೇಳುತ್ತದೆ: ಕಟ್ಟಡಕ್ಕೆ ಬೆಂಕಿ ಮತ್ತು ಭೂಕಂಪದ ವಿಮೆ ಸೊಸೈಟಿ ಮಾಡಿಸಬೇಕು. ಮಾಡಿಸಿದ್ದರೆ ಅದರ ಪ್ರತಿ ತಂದು ಬ್ಯಾಂಕಿಗೆ ತೋರಿಸಿ. ಕೆಲವರು ಒಪ್ಪುತ್ತಾರೆ, ಕೆಲವರು ನಿಮ್ಮ ಹೆಸರಿನಲ್ಲೇ ಬೇಕು ಅನ್ನುತ್ತಾರೆ. ನಿಮ್ಮ ಮಾಡ್ಯುಲರ್ ಕಿಚನ್, ಟಿವಿ, ಫ್ರಿಜ್ ಅದರಲ್ಲಿ ಬರುವುದಿಲ್ಲ. ಎರಡೂ ಪಾಲಿಸಿ ಇದ್ದರೆ ಒಂದೇ ನಷ್ಟಕ್ಕೆ ಎರಡು ಸಲ ಹಣ ಸಿಗುವುದೂ ಇಲ್ಲ.

ಕೊನೆಯದು ದಿನಾಂಕ. ಮನೆ ನಿಮ್ಮ ಹೆಸರಿಗೆ ಆಗದೆ ವಿಮಾ ಕಂಪನಿ ನಿಮ್ಮ ಹೆಸರಿಗೆ ಪಾಲಿಸಿ ಕೊಡಲು ಹಿಂದೆಮುಂದೆ ನೋಡುತ್ತದೆ. ಪಾಲಿಸಿ ಇಲ್ಲದೆ ಬ್ಯಾಂಕ್ ಹಣ ಬಿಡುವುದಿಲ್ಲ. ಹಣ ಪೂರ್ತಿ ಬಾರದೆ ಮಾರುವವರು ಕೀ ಕೊಡುವುದಿಲ್ಲ. ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅನ್ನುವ ಹಾಗೆ. ಮಹಾರಾಷ್ಟ್ರದಲ್ಲಿ ಈ ಗಂಟು ಬಿಚ್ಚುವುದು ರಿಜಿಸ್ಟರ್ ಆದ ಅಗ್ರಿಮೆಂಟ್ ಫಾರ್ ಸೇಲ್. ಅದು ಕೈಗೆ ಬಂದ ದಿನವೇ ಪಾಲಿಸಿ ತೆಗೆದುಕೊಳ್ಳಬಹುದು. ಕೊಟೇಶನ್, ಪ್ರಪೋಸಲ್ ಫಾರ್ಮ್, ಬ್ಯಾಂಕಿನ ಷರತ್ತಿನ ಒಕ್ಕಣೆ ಎಲ್ಲ ಒಂದು ವಾರ ಮುಂಚೆ ತಯಾರಿಟ್ಟು, ರಿಜಿಸ್ಟ್ರೇಶನ್ ಆದ ಸಂಜೆ ಪ್ರೀಮಿಯಂ ಕಟ್ಟಿಬಿಡಿ. ವಿಮಾ ಕಾಯ್ದೆಯ 64ವಿಬಿ ಸೆಕ್ಷನ್ ಪ್ರಕಾರ ಪ್ರೀಮಿಯಂ ಮುಂಗಡವಾಗಿ ಸಿಗದೆ ಕಂಪನಿ ರಿಸ್ಕ್ ಹೊರುವಂತಿಲ್ಲ. ‘ಚೆಕ್ ನಾಳೆ ಕೊಡುತ್ತೇನೆ, ಪಾಲಿಸಿ ಇವತ್ತು ಕಳಿಸಿ’ ಅನ್ನುವ ಮಾತು ನಡೆಯುವುದಿಲ್ಲ.

ಅಗ್ರಿಮೆಂಟಿನಲ್ಲೂ ಸ್ವಲ್ಪ ಜಾಗ ಇಟ್ಟುಕೊಳ್ಳಿ. ‘ಬಾಕಿ ಹಣ 30 ದಿನದಲ್ಲಿ’ ಅಂತ ಬ್ರೋಕರ್ ಬರೆಸುತ್ತಾನೆ. 60 ದಿನ ಕೇಳಿ. ಮಾರುವವರ ಮೇಲೂ ಹಳೇ ಸಾಲ ಇದ್ದರೆ ಅವರ ಬ್ಯಾಂಕಿನಿಂದ ಫೋರ್‌ಕ್ಲೋಶರ್ ಲೆಟರ್ (ಸಾಲ ತೀರಿಸಲು ಎಷ್ಟು ಕಟ್ಟಬೇಕು ಅಂತ ಹೇಳುವ ಪತ್ರ), ಕಾಗದಗಳ ಪಟ್ಟಿ ಬರಲೇ ಎಷ್ಟೋ ದಿನ ಬೇಕು. ನಿಮ್ಮ ಬ್ಯಾಂಕಿನ ಕಾಗದಪತ್ರದ ಕಾರಣಕ್ಕೆ ತಡವಾದರೆ ಅದನ್ನು ಖರೀದಿದಾರರ ತಪ್ಪು ಅಂತ ಎಣಿಸುವಂತಿಲ್ಲ, ಟೋಕನ್ ಮುಟ್ಟುಗೋಲು ಹಾಕುವಂತಿಲ್ಲ ಅಂತ ಒಂದು ಸಾಲು ಸೇರಿಸಿ. ಮಾರುವವರು ಒಪ್ಪದಿದ್ದರೆ ದಿನಗಳನ್ನಾದರೂ ಚೌಕಾಶಿ ಮಾಡಿ.

ಬೇಡದ ವಿಮೆ ತೆಗೆದುಕೊಳ್ಳದ ಕಾರಣಕ್ಕೆ ಬ್ಯಾಂಕ್ ಹಣ ತಡೆದರೆ ಮೊದಲು ಬ್ಯಾಂಕಿಗೇ ಬರಹದಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಸರಿಯಾಗದಿದ್ದರೆ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲೇ ಹಾಕಬಹುದು, ಖರ್ಚಿಲ್ಲ. ತಕರಾರು ವಿಮಾ ಕಂಪನಿಯ ಮೇಲಾದರೆ ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲ್ ಇದೆ, ಆಮೇಲೆ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಮುಂಬಯಿಯಲ್ಲೂ ಪುಣೆಯಲ್ಲೂ ಅವರ ಕಚೇರಿಗಳಿವೆ. ಇವೆಲ್ಲ ನಿಧಾನದ ದಾರಿ, ಅಗ್ರಿಮೆಂಟಿನ ಗಡುವಿನೊಳಗೆ ಮುಗಿಯುವುದಿಲ್ಲ. ಆದರೆ ದೂರಿನ ನಂಬರ್ ಬ್ರಾಂಚ್ ಮ್ಯಾನೇಜರಿಗೆ ಕಳಿಸಿದ ಮೇಲೆ ಫೈಲು ಓಡುವುದೂ ಉಂಟು.

ಮುಂದೆ ಸಾಲ ತೀರಿದಾಗ ಅಥವಾ ಬೇರೆ ಬ್ಯಾಂಕಿಗೆ ವರ್ಗಾಯಿಸಿದಾಗ ಪಾಲಿಸಿಯಿಂದ ಹಳೇ ಬ್ಯಾಂಕಿನ ಹೆಸರು ತೆಗೆಸುವುದನ್ನು ಮರೆಯಬೇಡಿ. ಲೋನ್ ಪ್ರೊಟೆಕ್ಷನ್‌ಗೆ ಒಂದೇ ಕಂತು ಕಟ್ಟಿದ್ದರೆ, ಬಾಕಿ ಅವಧಿಗೆ ಏನಾದರೂ ವಾಪಸ್ ಬರುತ್ತದಾ ಅಂತ ವಿಮಾ ಕಂಪನಿಯನ್ನೇ ನೇರವಾಗಿ ಕೇಳಿ. ಮನೆಯ ಮೂಲ ಕಾಗದಗಳನ್ನು ಸಾಲ ತೀರಿದ 30 ದಿನದೊಳಗೆ ಬ್ಯಾಂಕ್ ವಾಪಸ್ ಕೊಡಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ ₹5,000 ನಿಮಗೆ ಸಲ್ಲಬೇಕು. ಈ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ.